ಮರಾವಾ: ಮೂರು ಬಣ್ಣ, ಮೂರು ಸೀಮೆ

ಇಂಡೊನೇಷ್ಯಾದ ಪಶ್ಚಿಮ ಸುಮಾತ್ರದಲ್ಲಿರುವ ಮಿನಾಂಗ್‌ಕಾಬಾವ್ ಜನರ ಸಾಂಪ್ರದಾಯಿಕ ಧ್ವಜಕ್ಕೆ ಮರಾವಾ ಎಂದು ಹೆಸರು. ಅದರ ಬಣ್ಣ, ಬಳಕೆ, ಹೊಲಿಗೆಯ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳನ್ನೆಲ್ಲ ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಪಾದಾಂಗ್‌ನಿಂದ ಬುಕಿತ್ತಿಂಗಿಗೆ ಹೋಗುವ ದಾರಿಯಲ್ಲಿ ಒಂದು ಮನೆಯ ಮುಂದೆ ಬಿದಿರಿನ ಕೋಲುಗಳಿಗೆ ಉದ್ದುದ್ದ ಬಾವುಟ ಕಟ್ಟಿದ್ದರು. ಕಪ್ಪು, ಕೆಂಪು, ಹಳದಿ. ಜರ್ಮನಿಯ ಧ್ವಜವೇ ಸರಿ ಅನ್ನಿಸಿತು. ಜರ್ಮನರಿಗೂ ಅವರಿಗೂ ಏನಾದರೂ ನಂಟಿದೆಯೇ? (ಪ್ರವಾಸಿ, ಮಂಗಳೂರು)

ಉತ್ತರ: ಯಾವ ನಂಟೂ ಇಲ್ಲ. ನೀವು ಕಂಡದ್ದು ಮರಾವಾ. ಗೌರವದಿಂದ ಹೇಳುವಾಗ ಮರಾವಾ ಬಾಸಾ, ಅಂದರೆ ದೊಡ್ಡ ಮರಾವಾ ಎನ್ನುತ್ತಾರೆ. ಜರ್ಮನಿಯ ಧ್ವಜದಲ್ಲಿ ಪಟ್ಟಿಗಳು ಅಡ್ಡಡ್ಡ ಇರುತ್ತವೆ: ಮೇಲೆ ಕಪ್ಪು, ನಡುವೆ ಕೆಂಪು, ಕೆಳಗೆ ಚಿನ್ನದ ಬಣ್ಣ. ಮರಾವಾದಲ್ಲಿ ಪಟ್ಟಿಗಳು ಕೋಲಿನ ಉದ್ದಕ್ಕೆ ಮೇಲಿಂದ ಕೆಳಕ್ಕೆ ಇಳಿಯುತ್ತವೆ. ಧ್ವಜದ ಅಗಲ ಕಡಿಮೆ, ಎತ್ತರ ಹೆಚ್ಚು. ಅದಕ್ಕೇ ಗಾಳಿ ಇಲ್ಲದ ಹೊತ್ತಿನಲ್ಲೂ ಮೂರು ಬಣ್ಣವೂ ದೂರಕ್ಕೆ ಕಾಣುತ್ತವೆ.

ಬೆಲ್ಜಿಯಂ ಧ್ವಜದ ಜೊತೆಗಿನ ಗೊಂದಲ ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿಯೂ ಇದೇ ಮೂರು ಬಣ್ಣ ನಿಲುವಾಗಿಯೇ ಇವೆ. ಆದರೆ ಬೆಲ್ಜಿಯಂನಲ್ಲಿ ನಡುವಿನದು ಹಳದಿ, ಮರಾವಾದಲ್ಲಿ ನಡುವಿನದು ಕೆಂಪು. ಚಿತ್ರ ನೋಡಿ ಗುರುತಿಸುವಾಗ ಮೊದಲು ನಡುವಿನ ಪಟ್ಟಿಯನ್ನು ನೋಡಿ, ಆಮೇಲೆ ಪಟ್ಟಿಗಳ ದಿಕ್ಕನ್ನು ನೋಡಿ. ಮರಾವಾದ ಚಿತ್ರವನ್ನು ಅಡ್ಡಕ್ಕೆ ತಿರುಗಿಸಿ ಅಚ್ಚು ಹಾಕಿದರೆ ಅದು ಜರ್ಮನಿಯ ಧ್ವಜವಾಗಿಬಿಡುತ್ತದೆ. ಕರಪತ್ರ, ಬ್ಯಾನರ್‌ಗಳಲ್ಲಿ ಆಗುವ ಎಡವಟ್ಟು ಬಹುಪಾಲು ಇದೇ. ಜಾಗ ಹೊಂದಿಸಲು ವಿನ್ಯಾಸಗಾರರು ಚಿತ್ರವನ್ನು ಮಲಗಿಸುತ್ತಾರೆ, ಅಲ್ಲಿಗೆ ಅರ್ಥವೂ ಮಲಗುತ್ತದೆ.

ಪ್ರಶ್ನೆ: ಅಂತರ್ಜಾಲದಲ್ಲಿ ಒಂದೊಂದು ಕಡೆ ಒಂದೊಂದು ಅರ್ಥ ಇದೆ. ಹಳದಿ ರಾಜತ್ವ, ಕೆಂಪು ಧೈರ್ಯ, ಕಪ್ಪು ಶಕ್ತಿ ಎನ್ನುತ್ತಾರೆ ಒಬ್ಬರು. ಮೂರು ಪ್ರಾಂತ್ಯ ಎನ್ನುತ್ತಾರೆ ಇನ್ನೊಬ್ಬರು. ಯಾವುದು ಸರಿ? (ಉಪನ್ಯಾಸಕಿ, ಮೈಸೂರು)

ಉತ್ತರ: ಎರಡೂ ಒಂದೇ ಮಾತಿನ ಎರಡು ತುಂಡುಗಳು. ಅವನ್ನು ಬೇರೆ ಬೇರೆ ಮಾಡಿದ್ದರಿಂದಲೇ ಗೊಂದಲ ಹುಟ್ಟಿದೆ. ಮಿನಾಂಗ್‌ಕಾಬಾವ್ ಹಿರಿಯರು ಮರಾವಾದ ಬಣ್ಣ ವಿವರಿಸುವಾಗ ಗುಣವನ್ನಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಆ ಗುಣ ಯಾವ ನೆಲದ ಹಿರಿಮೆ ಎಂಬುದನ್ನೂ ಸೇರಿಸಿಯೇ ಹೇಳುತ್ತಾರೆ.

ಮಿನಾಂಗ್‌ಕಾಬಾವ್ ಜನರ ಮೂಲ ನೆಲೆ ಮರಾಪಿ ಜ್ವಾಲಾಮುಖಿಯ ಸುತ್ತಲಿನ ಎತ್ತರದ ಸೀಮೆ. ಈ ಮರಾಪಿಯ ಎತ್ತರ 2,891 ಮೀಟರ್. ಜಾವಾದ ಮೆರಾಪಿ ಬೇರೆ, ಇದು ಬೇರೆ. ಈ ಎತ್ತರದ ಸೀಮೆಗೆ ದಾರೆಕ್ ಎಂದು ಹೆಸರು. ಅದರಲ್ಲಿ ಮೂರು ಭಾಗಗಳಿವೆ, ಒಂದೊಂದನ್ನೂ ಲುಹಾಕ್ ಎನ್ನುತ್ತಾರೆ. ತಾನಾ ದಾತಾರ್ ಹಿರಿಯ ಲುಹಾಕ್, ಆಗಾಮ್ ನಡುವಿನದು, ಲಿಮೊ ಪುಲುವಾ ಕೊತೊ ಕಿರಿಯದು. ಮೂರನ್ನೂ ಸೇರಿಸಿ ಲುಹಾಕ್ ನಾನ್ ತಿಗೊ, ಅಂದರೆ ಮೂರು ಲುಹಾಕ್‌ಗಳು ಎಂದು ಕರೆಯುತ್ತಾರೆ. ಮರಾವಾದ ಮೂರು ಪಟ್ಟಿಗಳು ಇವೇ.

ಹಳದಿ ತಾನಾ ದಾತಾರ್‌ನದು. ಘನತೆ ಅದರ ಗುಣ. ಆ ಘನತೆಗೆ ಆಧಾರ ಕಟ್ಟಳೆ ಮತ್ತು ನ್ಯಾಯ. ಮಿನಾಂಗ್‌ಕಾಬಾವ್ ಅರಸರ ಪಾಗಾರುಯುಂಗ್ ಅರಮನೆ ಇದ್ದದ್ದು ಈ ಲುಹಾಕ್‌ನಲ್ಲೇ. ಅತ್ಯಂತ ಹಳೆಯ ಹಳ್ಳಿಯೆಂದು ಎಲ್ಲರೂ ಗೌರವಿಸುವ ಪಾರಿಯಾಂಗಾನ್ ಇರುವುದೂ ಇಲ್ಲೇ. ಮಲಯ ಜಗತ್ತಿನಲ್ಲೆಲ್ಲ ಹಳದಿ ಅರಸೊತ್ತಿಗೆಯ ಬಣ್ಣ. ಹಾಗಾಗಿ ಇದನ್ನು ಬರೀ 'ರಾಜತ್ವ' ಎಂದು ಬರೆದುಬಿಡುತ್ತಾರೆ. ಮಿನಾಂಗ್‌ಕಾಬಾವ್ ವಿವರಣೆಯಲ್ಲಿ ಕಾನೂನಿನ ಮಾತು ಬಿಟ್ಟುಹೋದರೆ ಹಳದಿಯ ಅರ್ಧ ಅರ್ಥ ಹೋದಂತೆ.

ಕೆಂಪು ಆಗಾಮ್‌ನದು. ಬುಕಿತ್ತಿಂಗಿ ಪಟ್ಟಣ ಇರುವ ಸೀಮೆ. ಧೈರ್ಯ ಇದರ ಗುಣ ಎನ್ನುವುದು ಎಲ್ಲ ಕಡೆ ಬರೆದಿರುತ್ತದೆ. ಜೊತೆಗೆ ಬರಬೇಕಾದ ಇನ್ನೊಂದು ಮಾತಿದೆ: ರಾಸೊ ಜೊ ಪಾರೆಸೊ. ಮನಸ್ಸಿಗೆ ತೋಚಿದ್ದು ಮತ್ತು ಅದನ್ನು ಒರೆಗೆ ಹಚ್ಚಿ ನೋಡುವ ವಿವೇಕ. ಭಾವನೆಯನ್ನು ಮೇಲಕ್ಕೆ, ತಲೆಗೆ ಕೊಂಡೊಯ್ಯಬೇಕು, ವಿಚಾರವನ್ನು ಕೆಳಕ್ಕೆ, ಎದೆಗೆ ಇಳಿಸಬೇಕು ಎಂದು ಅಲ್ಲಿಯ ಗಾದೆ. ಅಂದರೆ ಕೆಂಪು ಪಟ್ಟಿ ಹೇಳುವುದು ಮುನ್ನುಗ್ಗುವ ರೋಷವನ್ನಲ್ಲ, ತೂಗಿ ನೋಡಿದ ಧೈರ್ಯವನ್ನು.

ಕಪ್ಪು ಲಿಮೊ ಪುಲುವಾ ಕೊತೊದ್ದು. ಪಾಯಾಕುಂಬು ಪಟ್ಟಣದ ಸುತ್ತಲಿನ ಸೀಮೆ. ಕಷ್ಟವನ್ನು ತಾಳಿಕೊಳ್ಳುವ ಗಟ್ಟಿತನ, ಅದರ ಜೊತೆಗೆ ಬುದ್ಧಿ ಮತ್ತು ಸನ್ನಡತೆ ಇದರ ಗುಣ. ಯುರೋಪಿನ ಪದ್ಧತಿಯಂತೆ ಕಪ್ಪನ್ನು ಶೋಕಕ್ಕೆ, ಸಾವಿಗೆ ತಳುಕು ಹಾಕುವುದು ಇಲ್ಲಿ ಸಲ್ಲದು. ಕುಲದ ಮುಖಂಡ ಪಂಗುಲುವಿನ ಗೌರವದ ಉಡುಪೂ ಕಪ್ಪೇ.

ಇವುಗಳ ಜೊತೆ ಮೂರೂ ಸೀಮೆಗಳ ಸ್ವಭಾವವನ್ನು ಹೇಳುವ ಹಳೆಯ ಮಾತುಗಳಿವೆ. ಆಗಾಮ್‌ನ ನೆಲ ಬಿಸಿ, ನೀರು ಕದಡು, ಮೀನು ಕಾಡುಮೀನು. ಲಿಮೊ ಪುಲುವಾ ಕೊತೊದ ನೆಲ ತಂಪು, ನೀರು ತಿಳಿ, ಮೀನು ಸಾಧು. ಲಾಂಛನವಾಗಿ ತಾನಾ ದಾತಾರ್‌ಗೆ ಬೆಕ್ಕು, ಆಗಾಮ್‌ಗೆ ಹುಲಿ, ಲಿಮೊ ಪುಲುವಾ ಕೊತೊಗೆ ಮೇಕೆ. ಈ ಸಾಲುಗಳನ್ನು ಓದಿದ ಮೇಲೆ ಕೆಂಪು ಯಾಕೆ ಆಗಾಮ್‌ಗೆ ಹೋಯಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ತರಗತಿಯಲ್ಲಿ ಹೇಳುವಾಗ ಹೀಗೆ ಮಾಡಿ. ಮೊದಲು ಹಲಗೆಯ ಮೇಲೆ ಮರಾಪಿ ಬೆಟ್ಟ ಬರೆದು ಸುತ್ತ ಮೂರು ಲುಹಾಕ್ ಗುರುತಿಸಿ, ಪ್ರತಿಯೊಂದಕ್ಕೂ ಬಣ್ಣ ತುಂಬಿ, ಕೊನೆಗೆ ಗುಣ ಬರೆಯಿರಿ. ಗುಣದಿಂದ ಶುರು ಮಾಡಿದರೆ ಮಕ್ಕಳು ಅದನ್ನು ಯಾವ ದೇಶದ ಧ್ವಜಕ್ಕಾದರೂ ಅಂಟಿಸಿಬಿಡುತ್ತಾರೆ. ಧೈರ್ಯಕ್ಕೆ ಕೆಂಪು ಎಲ್ಲಿಲ್ಲ?

ಪ್ರಶ್ನೆ: ಲಿಮೊ ಪುಲುವಾ ಕೊತೊದ ಬಣ್ಣ ನೀಲಿ ಎಂದು ಓದಿದ್ದೇನೆ. ಧ್ವಜದಲ್ಲಿ ಕಪ್ಪು ಯಾಕೆ? (ಓದುಗ, ಶಿವಮೊಗ್ಗ)

ಉತ್ತರ: ಲುಹಾಕ್‌ಗಳ ಲಾಂಛನ ಹೇಳುವ ಕೆಲವು ನಿರೂಪಣೆಗಳಲ್ಲಿ ಆ ಸೀಮೆಗೆ ನೀಲಿಯನ್ನೇ ಕೊಟ್ಟಿದೆ. ಮಿನಾಂಗ್‌ಕಾಬಾವ್ ಪುರಾಣಕಥನಕ್ಕೆ ತಾಂಬೊ ಎಂದು ಹೆಸರು. ಅದು ಬಾಯಿಂದ ಬಾಯಿಗೆ ಬಂದದ್ದು, ಊರಿಂದ ಊರಿಗೆ ಪಾಠ ಬೇರೆಯಾಗುತ್ತದೆ. ಮರಾವಾ ವಿಷಯಕ್ಕೆ ಬಂದಾಗ ಮೂರನೆಯ ಬಣ್ಣ ಕಪ್ಪೇ. ನೀಲಿ, ಕೆಂಪು, ಹಳದಿ ಪಟ್ಟಿಯ ಬಾವುಟ ಹೊಲಿಸಿ ಮರಾವಾ ಎಂದು ತೋರಿಸಬೇಡಿ.

ಪ್ರಶ್ನೆ: ನಮ್ಮ ಕಾಲೇಜಿನ ಸಾಂಸ್ಕೃತಿಕ ಹಬ್ಬಕ್ಕೆ ಪಶ್ಚಿಮ ಸುಮಾತ್ರದಿಂದ ನೃತ್ಯ ತಂಡ ಬರುತ್ತಿದೆ. ಸ್ವಾಗತಕ್ಕೆ ಮೂರು ಮರಾವಾ ಹೊಲಿಸಬೇಕು. ಅಳತೆ, ಬಟ್ಟೆ, ಹೊಲಿಗೆ ವಿವರ ಕೊಡಿ. (ಸಂಘಟಕರು, ಬೆಂಗಳೂರು)

ಉತ್ತರ: ಅಂಗಳಕ್ಕೆ ಒಪ್ಪುವ ಅಳತೆ ಹೇಳುತ್ತೇವೆ: ಹೊಲಿದು ಮುಗಿದಾಗ 90 ಸೆಂ.ಮೀ. ಅಗಲ, 3 ಮೀಟರ್ ಎತ್ತರ. ಒಂದೊಂದು ಪಟ್ಟಿ 30 ಸೆಂ.ಮೀ. ಸಭಾಂಗಣದ ಒಳಗಾದರೆ 60 ಸೆಂ.ಮೀ. ಅಗಲ, 2 ಮೀಟರ್ ಎತ್ತರ ಸಾಕು. ಮೂರೂ ಪಟ್ಟಿಗಳ ಅಗಲ ಸಮವಾಗಿರಬೇಕು. ಮೂರು ಲುಹಾಕ್‌ಗಳಲ್ಲಿ ಒಂದನ್ನು ಅಗಲ ಮಾಡಿ ಇನ್ನೊಂದನ್ನು ಕಿರಿದು ಮಾಡುವುದು ಬರೀ ಹೊಲಿಗೆಯ ತಪ್ಪಾಗಿ ಉಳಿಯುವುದಿಲ್ಲ.

ಕತ್ತರಿ ಹಾಕುವ ಮೊದಲು ಒಂದು ವಿಷಯ ತೀರ್ಮಾನವಾಗಬೇಕು. ಕೆಂಪು ನಡುವೆ ಎಂಬುದು ಖಚಿತ. ಕೋಲಿನ ಪಕ್ಕಕ್ಕೆ ಕಪ್ಪು ಬರಬೇಕೋ ಹಳದಿಯೋ ಎಂಬುದನ್ನು ಬರುವ ತಂಡದ ಹಿರಿಯರನ್ನೇ ಕೇಳಿ, ಅವರ ಊರಿನಲ್ಲಿ ಏರಿಸಿದ ಮರಾವಾದ ಒಂದು ಫೋಟೊ ತರಿಸಿಕೊಳ್ಳಿ. ಫೋಟೊದಲ್ಲಿ ಎಡ ಬಲ ನೋಡಬೇಡಿ, ಕೋಲಿಗೆ ಅಂಟಿದ ಬಣ್ಣ ಯಾವುದು ಎಂದು ನೋಡಿ. ಬಟ್ಟೆಯನ್ನು ಹಿಂದಿನಿಂದ ನೋಡಿದಾಗ ಎಡ ಬಲ ಅದಲು ಬದಲಾಗುತ್ತದೆ, ಕೋಲಿನ ಬಣ್ಣ ಬದಲಾಗುವುದಿಲ್ಲ. ಮೂರು ಧ್ವಜದಲ್ಲೂ ಅದೇ ಕ್ರಮ ಇರಲಿ. ಬಾಗಿಲ ಎರಡು ಬದಿಗೆ ಜೋಡಿ ಚೆಂದ ಕಾಣಲೆಂದು ಒಂದನ್ನು ಉಲ್ಟಾ ಹೊಲಿಸುವವರಿದ್ದಾರೆ. ಗಾಳಿ ಎರಡನ್ನೂ ಒಂದೇ ಕಡೆಗೆ ಹಾರಿಸಿದಾಗ ಒಂದು ಸರಿ, ಒಂದು ತಪ್ಪು ಎಂದು ಎದ್ದು ಕಾಣುತ್ತದೆ.

ಬಟ್ಟೆ: 112 ಸೆಂ.ಮೀ., ಅಂದರೆ 44 ಇಂಚು ಪನ್ನದ ದಪ್ಪ ಪಾಪ್ಲಿನ್ ಅಥವಾ ಪಾಲಿಯೆಸ್ಟರ್. ಮೂರು ಬಣ್ಣವೂ ಒಂದೇ ಬಗೆಯ ಬಟ್ಟೆಯಾಗಿರಲಿ. ಕೆಂಪು ಸ್ಯಾಟಿನ್, ಹಳದಿ ಹತ್ತಿ ಹೀಗೆ ಬೆರೆಸಿದರೆ ಒದ್ದೆಯಾದಾಗ ಒಂದು ಕುಗ್ಗುತ್ತದೆ, ಒಂದು ಕುಗ್ಗುವುದಿಲ್ಲ. ಶೇ. 2ರಷ್ಟು ಕುಗ್ಗಿದರೂ 3 ಮೀಟರಿಗೆ 6 ಸೆಂ.ಮೀ. ವ್ಯತ್ಯಾಸ. ಅಷ್ಟು ಸಾಕು, ಹೊಲಿಗೆಯ ಉದ್ದಕ್ಕೂ ನೆರಿಗೆ ಎದ್ದು ಪಟ್ಟಿ ಹಾವಿನಂತೆ ಸುಳಿದುಕೊಳ್ಳುತ್ತದೆ. ಹತ್ತಿಯಾದರೆ ಮೊದಲೇ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಅಳೆಯಿರಿ.

ಹಳದಿ ಆರಿಸುವಾಗ ನಿಂಬೆಹಣ್ಣಿನ ತಿಳಿ ಹಳದಿ ಬೇಡ, ಚಿನ್ನದ ಕಡೆಗೆ ವಾಲುವ ಗಾಢ ಹಳದಿ ಬೇಕು. ಬಿಸಿಲಿನಲ್ಲಿ ತಿಳಿ ಹಳದಿ ಬಿಳಿಯಾಗಿ ಕಾಣುತ್ತದೆ. ಕೆಂಪು ಬಟ್ಟೆಯಲ್ಲಿ ಬಣ್ಣ ಬಿಡುವ ಅಪಾಯ ಇದ್ದೇ ಇರುತ್ತದೆ. ಅಂಗೈಯಗಲ ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಗುಲಾಬಿ ಕಲೆ ಬಿದ್ದರೆ ಆ ಬಟ್ಟೆಯನ್ನು ಅಂಗಡಿಗೇ ವಾಪಸು ಕೊಡಿ. ಉಪ್ಪು ನೀರಿನಲ್ಲಿ ಅದ್ದಿದರೆ ನಿಲ್ಲುತ್ತದೆ ಎಂದು ನಂಬಿ ಹೊಲಿದರೆ ಮೊದಲ ಮಳೆಗೇ ಪಕ್ಕದ ಹಳದಿ ಪಟ್ಟಿ ಕೆಡುತ್ತದೆ, ಮತ್ತೆ ಸರಿಪಡಿಸಲು ಬರುವುದಿಲ್ಲ.

ಲೆಕ್ಕ ಹೀಗೆ. ನಡುವಿನ ಕೆಂಪು ಪಟ್ಟಿಗೆ ಎರಡೂ ಕಡೆ ಹೊಲಿಗೆಗೆ 2 ಸೆಂ.ಮೀ. ಬಿಟ್ಟು 34 ಸೆಂ.ಮೀ. ಕತ್ತರಿಸಿ. ಹೊರ ಅಂಚಿನ ಪಟ್ಟಿಗೆ ಒಂದು ಕಡೆ ಹೊಲಿಗೆಗೆ 2, ಇನ್ನೊಂದು ಕಡೆ ಮಡಿಕೆಗೆ 2.5 ಸೇರಿ 34.5 ಸೆಂ.ಮೀ. ಕೋಲಿನ ಬದಿಯ ಪಟ್ಟಿಯನ್ನೂ 34.5 ಇಟ್ಟುಕೊಳ್ಳಿ. 112 ಸೆಂ.ಮೀ. ಪನ್ನದಲ್ಲಿ ಅಂಥ ಮೂರು ಪಟ್ಟಿ ಹಿಡಿಯುತ್ತವೆ. ಹಾಗಾಗಿ ಒಂದೊಂದು ಬಣ್ಣದ 3.25 ಮೀಟರ್ ಬಟ್ಟೆಯಲ್ಲಿ ನಿಮಗೆ ಬೇಕಾದ ಮೂರು ಧ್ವಜದ ಪಟ್ಟಿಗಳೂ ಸಿಗುತ್ತವೆ. ಮೇಲೆ ಕೆಳಗೆ 4 ಸೆಂ.ಮೀ. ಮಡಿಕೆ, ಕುಗ್ಗುವಿಕೆ ಎಲ್ಲ ಇದರಲ್ಲೇ ಮುಗಿಯುತ್ತದೆ. ಕೋಲು ತೂರಿಸುವ ಚೀಲಪಟ್ಟಿಗೆ ಕೋಲಿನ ಬದಿಯ ಬಣ್ಣದ ಬಟ್ಟೆ 1.65 ಮೀಟರ್ ಹೆಚ್ಚಿಗೆ ತನ್ನಿ. ಅದರಲ್ಲಿ 15 ಸೆಂ.ಮೀ. ಅಗಲದ ಆರು ತುಂಡು ತೆಗೆದು, ಎರಡೆರಡನ್ನು ಉದ್ದಕ್ಕೆ ಜೋಡಿಸಿದರೆ ಮೂರು ಧ್ವಜಕ್ಕೆ ಸಾಕು. ಮಡಿಸಿ ಹೊಲಿದಾಗ ಚೀಲದ ಅಗಲ 6 ಸೆಂ.ಮೀ. ಆಗುತ್ತದೆ, 3 ಸೆಂ.ಮೀ. ದಪ್ಪದ ಕೋಲು ಸಲೀಸಾಗಿ ಹೋಗುತ್ತದೆ. ಬಿದಿರು ಬುಡದ ಕಡೆ ದಪ್ಪ ಇರುವುದರಿಂದ ಧ್ವಜದ ಕೆಳ ತುದಿ ಬರುವ ಜಾಗದ ದಪ್ಪವನ್ನೇ ಅಳೆಯಬೇಕು. ತುದಿಯ ದಪ್ಪ ಅಳೆದು ಹೊಲಿದ ಚೀಲ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ.

ಪಟ್ಟಿಗಳನ್ನು ಬಟ್ಟೆಯ ಅಂಚಿಗೆ ಸಮಾನಾಂತರವಾಗಿ, ಉದ್ದಕ್ಕೇ ಕತ್ತರಿಸಿ. ಅಡ್ಡ ಎಳೆಯಲ್ಲಿ ಕತ್ತರಿಸಿದ ಪಟ್ಟಿ ತನ್ನ ತೂಕಕ್ಕೇ ಜೋಲುತ್ತದೆ. ಎರಡು ಪಟ್ಟಿಗಳನ್ನು ಜೋಡಿಸುವಾಗ ಪ್ರತಿ 25 ಸೆಂ.ಮೀ.ಗೆ ಒಂದು ಪಿನ್ನು ಚುಚ್ಚಿ. ಮಿಷನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಮೇಲಿನದಕ್ಕಿಂತ ಬೇಗ ಎಳೆಯುತ್ತದೆ, ಪಿನ್ನಿಲ್ಲದೆ 3 ಮೀಟರ್ ಹೊಲಿದರೆ ಕೊನೆಯಲ್ಲಿ ಒಂದು ಪಟ್ಟಿ ಎರಡು ಮೂರು ಬೆರಳು ಉದ್ದ ಉಳಿಯುತ್ತದೆ. ಎರಡೂ ಜೋಡಣೆಗಳನ್ನು ಮೇಲಿಂದ ಕೆಳಕ್ಕೇ ಹೊಲಿಯಿರಿ. ಒಂದು ಕೆಳಗೆ, ಇನ್ನೊಂದು ಮೇಲಕ್ಕೆ ಹೊಲಿದರೆ ಧ್ವಜ ಓರೆಯಾಗಿ ತಿರುಚಿಕೊಳ್ಳುತ್ತದೆ. ಹೊಲಿದ ಮೇಲೆ ಒಳಗೆ ಉಳಿದ ಒಂದು ಅಂಚನ್ನು ಅರ್ಧ ಕತ್ತರಿಸಿ, ಇನ್ನೊಂದನ್ನು ಅದರ ಮೇಲೆ ಮಡಿಚಿ ಎರಡನೆಯ ಸಾಲು ಹೊಲಿಗೆ ಹಾಕಿ. ಆಗ ಹಸಿ ಅಂಚು ಎಲ್ಲೂ ಕಾಣದೆ, ಎರಡು ಮಗ್ಗುಲೂ ಶುಚಿಯಾಗಿರುತ್ತವೆ. ಮರಾವಾವನ್ನು ಎರಡೂ ಕಡೆಯಿಂದ ನೋಡುವುದರಿಂದ ಇದನ್ನು ಬಿಡುವಂತಿಲ್ಲ. ಮಡಿಚುವಾಗ ಗಾಢ ಬಣ್ಣದ ಅಂಚು ಹಳದಿಯ ಹಿಂದೆ ಹೋಗದಂತೆ ನೋಡಿಕೊಳ್ಳಿ, ಬೆಳಕಿಗೆ ಹಿಡಿದಾಗ ಹಳದಿಯೊಳಗೆ ಗೆರೆಯಂತೆ ಕಾಣುತ್ತದೆ. ಕೆಂಪಿನ ಕಡೆಗೇ ಮಡಿಚಿ.

ಗಾಳಿಗೆ ಮೊದಲು ಹರಿಯುವುದು ಹೊರ ಅಂಚಿನ ಕೆಳ ಮೂಲೆ. ಅಲ್ಲಿ ಒಳಗಡೆ ಅದೇ ಬಟ್ಟೆಯ ಚೌಕ ತುಂಡು ಇಟ್ಟು ನಾಲ್ಕು ಸುತ್ತ ಮತ್ತು ನಡುವೆ ಗುಣಾಕಾರದ ಗುರುತಿನಂತೆ (×) ಹೊಲಿಯಿರಿ. ಚೀಲಪಟ್ಟಿಯ ಮೇಲ್ತುದಿಯನ್ನು ಮುಚ್ಚಿ ಹೊಲಿದು, ಕೆಳ ತುದಿಗೆ ಒಂದು ಲಾಡಿ ಹಾಕಿ ಕೋಲಿಗೆ ಕಟ್ಟಿದರೆ ಧ್ವಜ ಜಾರುವುದಿಲ್ಲ, ಮೇಲಕ್ಕೂ ಏರುವುದಿಲ್ಲ. ಕೋಲು 5 ಮೀಟರ್ ಬೇಕು: ನೆಲದೊಳಗೆ ಅರ್ಧ ಮೀಟರ್, ಧ್ವಜದ ಕೆಳಗೆ ಒಂದೂವರೆ ಮೀಟರಿನಷ್ಟು ಖಾಲಿ, ಅದರ ಮೇಲೆ ತುದಿಯವರೆಗೂ ಧ್ವಜ. ಕಾಲೇಜಿನ ಅಂಗಳ ಕಲ್ಲುಹಾಸಾಗಿದ್ದರೆ ಮರಳು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ. ಆದರೆ ಎತ್ತರದ ಬಟ್ಟೆಗೆ ಗಾಳಿಯ ಹೊಡೆತ ಹೆಚ್ಚು, ಹತ್ತಿರದ ಕಂಬಕ್ಕೂ ಒಂದು ಕಟ್ಟು ಹಾಕಿ.

ಬಟ್ಟೆಯ ಮೇಲೆ ಕಾಲೇಜಿನ ಹೆಸರು, ಪ್ರಾಯೋಜಕರ ಗುರುತು, ಸ್ವಾಗತದ ಸಾಲು ಯಾವುದನ್ನೂ ಅಚ್ಚು ಹಾಕಿಸಬೇಡಿ. ಅದಕ್ಕೆ ಬೇರೆ ಬ್ಯಾನರ್ ಮಾಡಿ.

ಪ್ರಶ್ನೆ: ಮರಾವಾ ಯಾವ ಸಂದರ್ಭಕ್ಕೆ ಏರಿಸುತ್ತಾರೆ? ವರ್ಷವಿಡೀ ಇರುತ್ತದೆಯೇ? (ಗೃಹಿಣಿ, ಹುಬ್ಬಳ್ಳಿ)

ಉತ್ತರ: ಇಲ್ಲಿ ಒಂದು ದೊಡ್ಡ ಕಾರ್ಯ ನಡೆಯುತ್ತಿದೆ ಎಂದು ಊರಿಗೆ ತಿಳಿಸುವುದು ಮರಾವಾದ ಕೆಲಸ. ಮದುವೆ, ಊರಹಬ್ಬ, ಗಣ್ಯರ ಸ್ವಾಗತ ಎಲ್ಲಕ್ಕೂ ಏರುತ್ತದೆ. ಮದುವೆಯಲ್ಲಿ ಅದು ಇವತ್ತು ಅಲಂಕಾರದ ಮಟ್ಟಕ್ಕೆ ಇಳಿದಿದೆ ಎಂದು ಕೊರಗುವವರೂ ಇದ್ದಾರೆ. ಆದರೆ ಮರಾವಾದ ಪೂರ್ತಿ ತೂಕ ಗೊತ್ತಾಗುವುದು ಬಾತಾಗಾಕ್ ಪಂಗುಲು ಎಂಬ ಕಾರ್ಯದಲ್ಲಿ, ಅಂದರೆ ಹೊಸ ಕುಲಮುಖಂಡನನ್ನು ನಿಲ್ಲಿಸುವ ದಿನ.

ಮಿನಾಂಗ್‌ಕಾಬಾವ್ ಜಗತ್ತಿನ ಅತಿ ದೊಡ್ಡ ಮಾತೃವಂಶೀಯ ಸಮಾಜ. 2010ರ ಜನಗಣತಿಯಲ್ಲಿ ಇಂಡೊನೇಷ್ಯಾದಲ್ಲಿ ಅವರ ಸಂಖ್ಯೆ ಸುಮಾರು 64 ಲಕ್ಷ. ಕುಲ ತಾಯಿಯಿಂದ ಬರುತ್ತದೆ, ಮನೆ ಮತ್ತು ಪಿತ್ರಾರ್ಜಿತ ಎನ್ನುವ ಬದಲು ಮಾತ್ರಾರ್ಜಿತ ಎನ್ನಬೇಕಾದ ಗದ್ದೆ ಹೆಣ್ಣುಮಕ್ಕಳ ಕಡೆ ಉಳಿಯುತ್ತದೆ. ಮುಖಂಡನ ಪದವಿ ಮಾತ್ರ ಗಂಡಸಿನದು, ಅದೂ ಅಪ್ಪನಿಂದ ಮಗನಿಗಲ್ಲ, ಸೋದರಮಾವನಿಂದ ಸೋದರಳಿಯನಿಗೆ. ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ಈ ದಾರಿ ಹೊಸದೆನಿಸದು. ಪದವಿಯ ಜೊತೆ ದಾತುಕ್ ಎಂಬ ಬಿರುದು ಬರುತ್ತದೆ. ಹಳೆಯ ಮುಖಂಡ ತೀರಿಕೊಂಡಾಗಲೂ ಈ ಕಾರ್ಯ ನಡೆಯಬಹುದು, ಅವನು ಬದುಕಿರುವಾಗಲೇ ವಯಸ್ಸಾಯಿತೆಂದು ಒಪ್ಪಿ ಬಿಟ್ಟುಕೊಟ್ಟಾಗಲೂ ನಡೆಯಬಹುದು.

ಮೊದಲು ಕುಟುಂಬದೊಳಗೆ ಒಮ್ಮತ ಆಗಬೇಕು, ಆಮೇಲೆ ನಗರಿಯ ಮುಖಂಡರ ಸಭೆ ಒಪ್ಪಬೇಕು. ನಗರಿ ಎಂದರೆ ಅಲ್ಲಿ ಪಟ್ಟಣವಲ್ಲ, ಹಳ್ಳಿಯ ಆಡಳಿತ ಘಟಕ. ಮರಾವಾ ಏಳುತ್ತದೆ, ಕೋಣ ಕಡಿಯುತ್ತಾರೆ, ಊರೂಟ ಆಗುತ್ತದೆ, ಹೊಸ ಪಂಗುಲು ಪ್ರಮಾಣ ಮಾಡುತ್ತಾನೆ. ಮಾತಿಗೆ ತಪ್ಪಿದವನಿಗೆ ಆಗುವ ಗತಿಯನ್ನು ಮರದ ಭಾಷೆಯಲ್ಲಿ ಹೇಳುತ್ತಾರೆ: ಮೇಲೆ ಚಿಗುರಿಲ್ಲ, ಕೆಳಗೆ ಬೇರಿಲ್ಲ, ನಡುವೆ ದುಂಬಿ ಕೊರೆದ ತೂತು. ಒಮ್ಮತ ಕೂಡದೆ ಈ ಕಾರ್ಯ ಇಲ್ಲ, ಕಾರ್ಯ ಇಲ್ಲದೆ ಆ ದಿನದ ಧ್ವಜವಿಲ್ಲ. ಹಾಗಾಗಿ ಹಳ್ಳಿಯಲ್ಲಿ ಸಾಲು ಮರಾವಾ ನಿಂತಿದೆ ಎಂದರೆ ಒಂದು ಕುಟುಂಬ ತನ್ನೊಳಗಿನ ಚರ್ಚೆಯನ್ನು ಮುಗಿಸಿ ಒಂದಾಗಿದೆ ಎಂದೂ ಅರ್ಥ.

ಪಾಗಾರುಯುಂಗ್‌ನಲ್ಲಿ ಮರುನಿರ್ಮಿಸಿದ ಇಸ್ತಾನೊ ಬಾಸಾ ಅರಮನೆಯಂಥ ಸಾರ್ವಜನಿಕ ತಾಣಗಳಿಗೆ ಹೋದರೆ ಪ್ರವಾಸಿಗರಿಗೆ ಮರಾವಾ ಕಾಣಸಿಗುತ್ತದೆ. ಆ ಕಟ್ಟಡ 2007ರ ಫೆಬ್ರುವರಿಯಲ್ಲಿ ಸಿಡಿಲು ಬಡಿದು ಸುಟ್ಟು, ಮತ್ತೆ ಕಟ್ಟಿದ್ದು.

ಪ್ರಶ್ನೆ: ಇದು ಪಶ್ಚಿಮ ಸುಮಾತ್ರ ಪ್ರಾಂತ್ಯದ ಅಧಿಕೃತ ಧ್ವಜವೇ? ರಾಷ್ಟ್ರಧ್ವಜದ ಜೊತೆ ಇಡುವಾಗ ಏನು ನಿಯಮ? (ಶಿಕ್ಷಕ, ಕಲಬುರಗಿ)

ಉತ್ತರ: ಅಲ್ಲ. ಮರಾವಾ ಒಂದು ಜನಾಂಗದ ಸಂಪ್ರದಾಯದ ಧ್ವಜ. ಪ್ರಾಂತ್ಯಕ್ಕೆ ಅದರದೇ ಲಾಂಛನವಿದೆ. ಪ್ರಾಂತ್ಯದ ಗಡಿ 1957ರಲ್ಲಿ ಮಧ್ಯ ಸುಮಾತ್ರವನ್ನು ಮೂರಾಗಿ ಒಡೆದಾಗ ಆದದ್ದು, ಲುಹಾಕ್‌ಗಳ ಲೆಕ್ಕ ಅದಕ್ಕಿಂತ ಬಹಳ ಹಳೆಯದು. ಮೆಂತಾವಾಯ್ ದ್ವೀಪಗಳೂ ಆ ಪ್ರಾಂತ್ಯಕ್ಕೇ ಸೇರಿವೆ, ಅಲ್ಲಿಯ ಜನ ಮಿನಾಂಗ್‌ಕಾಬಾವ್ ಅಲ್ಲ.

ಇಂಡೊನೇಷ್ಯಾದಲ್ಲಿ ಧ್ವಜ, ಭಾಷೆ, ಲಾಂಛನಗಳ ಬಗ್ಗೆ 2009ರ 24ನೇ ಕಾನೂನು ಇದೆ. ಕೆಂಪು ಬಿಳಿ ರಾಷ್ಟ್ರಧ್ವಜದ ಅಗಲ ಉದ್ದಗಳ ಪ್ರಮಾಣ 2:3. ಬೇರೆ ಸಂಸ್ಥೆಯ ಧ್ವಜದ ಜೊತೆ ಇಟ್ಟಾಗ ರಾಷ್ಟ್ರಧ್ವಜವೇ ದೊಡ್ಡದಾಗಿ, ಎತ್ತರದಲ್ಲಿ ಇರಬೇಕು. ಭಾರತದಲ್ಲಿ ನೀವು ಏರಿಸುವುದಾದರೆ ನಮ್ಮ 2002ರ ಧ್ವಜ ಸಂಹಿತೆ ಅನ್ವಯಿಸುತ್ತದೆ: ತ್ರಿವರ್ಣಕ್ಕಿಂತ ಎತ್ತರದಲ್ಲಾಗಲಿ, ಅದಕ್ಕೆ ಸರಿಸಮವಾಗಿ ಪಕ್ಕದಲ್ಲಾಗಲಿ ಇನ್ನೊಂದು ಬಾವುಟ ನಿಲ್ಲಿಸುವಂತಿಲ್ಲ. 5 ಮೀಟರ್ ಕೋಲಿನ ಮರಾವಾ ಇಲ್ಲಿಯೇ ತೊಂದರೆ ಕೊಡುತ್ತದೆ, ಯಾಕೆಂದರೆ ಶಾಲೆಯ ಧ್ವಜಸ್ತಂಭ ಅದಕ್ಕಿಂತ ಗಿಡ್ಡ ಇರಬಹುದು. ಧ್ವಜಸ್ತಂಭ ಇರುವ ಅಂಗಳವನ್ನು ಬಿಟ್ಟು ಪ್ರವೇಶದ್ವಾರದ ಕಡೆ ಮರಾವಾ ನೆಡಿ. ದೇಶಗಳ ಧ್ವಜದ ಸಾಲಿನಲ್ಲೂ ಅದನ್ನು ಸೇರಿಸಬೇಡಿ, ಅಲ್ಲಿ ಬರಬೇಕಾದದ್ದು ಇಂಡೊನೇಷ್ಯಾದ ರಾಷ್ಟ್ರಧ್ವಜ.

ಪ್ರಶ್ನೆ: ಮಲೇಷ್ಯಾದ ನೆಗೆರಿ ಸೆಂಬಿಲಾನ್ ರಾಜ್ಯದ ಧ್ವಜದಲ್ಲೂ ಇದೇ ಮೂರು ಬಣ್ಣ ಇವೆ. ಅದೂ ಮರಾವಾವೇ? (ಕನ್ನಡಿಗ, ಸೆರೆಂಬಾನ್)

ಉತ್ತರ: ಬೇರು ಒಂದೇ, ಧ್ವಜ ಬೇರೆ. ಮಿನಾಂಗ್‌ಕಾಬಾವ್ ಜನ ದಾರೆಕ್‌ನಿಂದ ಹೊರಗೆ ಹೋಗಿ ನೆಲೆಸಿದ ಸೀಮೆಗಳಿಗೆ ರಾಂತಾವ್ ಎನ್ನುತ್ತಾರೆ. ಮಲಾಕ್ಕಾ ಜಲಸಂಧಿ ದಾಟಿದ ರಾಂತಾವ್ ನೀವಿರುವ ರಾಜ್ಯ. 1773ರಲ್ಲಿ ಪಾಗಾರುಯುಂಗ್‌ನಿಂದ ಬಂದ ರಾಜಾ ಮೆಲೆವಾರ್ ಅಲ್ಲಿಯ ಮೊದಲ ಯಾಂಗ್ ದಿಪೆರ್ತುವಾನ್ ಬೆಸಾರ್, ಅಂದರೆ ಅರಸ ಆದರು. ಇವತ್ತಿಗೂ ಆ ಪದವಿಗೆ ವ್ಯಕ್ತಿಯನ್ನು ಆರಿಸುವವರು ಉಂದಾಂಗ್ ಎಂಬ ನಾಲ್ವರು ಮುಖ್ಯಸ್ಥರು: ಸುಂಗಾಯ್ ಉಜೊಂಗ್, ಜೆಲೆಬು, ಜೊಹೊಲ್, ರೆಂಬಾವ್ ಸೀಮೆಗಳವರು.

ಅಲ್ಲಿಯ ಧ್ವಜ ಹಳದಿ ಹಾಸಿನದು, ಕೋಲಿನ ಕಡೆಯ ಮೇಲ್ಮೂಲೆಯ ಚೌಕ ಕರ್ಣರೇಖೆಯಲ್ಲಿ ಕೆಂಪು ಮತ್ತು ಕಪ್ಪಾಗಿ ಒಡೆದಿದೆ. ಹಳದಿ ಅರಸನಿಗೆ, ಕಪ್ಪು ನಾಲ್ವರು ಉಂದಾಂಗರಿಗೆ, ಕೆಂಪು ಪ್ರಜೆಗಳಿಗೆ. ಬಣ್ಣಗಳು ಬಂದವು, ಅರ್ಥ ಬದಲಾಯಿತು. ಸುಮಾತ್ರದಲ್ಲಿ ಮೂರು ಬಣ್ಣ ಅಕ್ಕಪಕ್ಕದ ಮೂರು ಸೀಮೆಗಳಾದರೆ ಇಲ್ಲಿ ಅರಸ, ಮುಖ್ಯಸ್ಥ, ಪ್ರಜೆ ಎಂಬ ಮೂರು ಸ್ಥಾನಗಳಾದವು. ಲುಹಾಕ್‌ನಲ್ಲಿ ಪಂಗುಲು, ರಾಂತಾವ್‌ನಲ್ಲಿ ರಾಜ ಎಂಬ ಹಳೆಯ ಮಾತಿದೆ. ಎರಡು ಧ್ವಜಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆ ಮಾತಿಗೆ ಬೇರೆ ವ್ಯಾಖ್ಯಾನ ಬೇಡ: ಒಂದರಲ್ಲಿ ಮೂರೂ ಸಮ ಅಗಲ, ಇನ್ನೊಂದರಲ್ಲಿ ಹಳದಿಯೇ ಹಾಸು.

ಪ್ರಶ್ನೆ: ಸುಮಾತ್ರದ ಆದಿತ್ಯವರ್ಮನ ಸಂಸ್ಕೃತ ಶಾಸನಗಳಿಂದ ಮರಾವಾದ ಅರ್ಥ ತಿಳಿಯಬಹುದೇ? (ಇತಿಹಾಸ ವಿದ್ಯಾರ್ಥಿ, ಧಾರವಾಡ)

ಉತ್ತರ: ಆ ದಾರಿ ಹಿಡಿಯಬೇಡಿ. ಆದಿತ್ಯವರ್ಮ 14ನೇ ಶತಮಾನದ ಬೌದ್ಧ ಅರಸ. 1347ರಲ್ಲಿ ಅಮೋಘಪಾಶ ವಿಗ್ರಹದ ಬೆನ್ನ ಮೇಲೆ ಕೆತ್ತಿಸಿದ ಶಾಸನ, ಶಕ 1278ರ, ಅಂದರೆ 1356ರ ಪಾಗಾರುಯುಂಗ್ ಶಾಸನ ಎಲ್ಲವೂ ಅರಸೊತ್ತಿಗೆಯ, ಧರ್ಮದ ಮಾತುಗಳು. ಮರಾವಾದ ಬಣ್ಣಗಳಿಗೆ ಅರ್ಥ ಕೊಟ್ಟದ್ದು ತಾಂಬೊ ಮತ್ತು ಸಭೆಗಳಲ್ಲಿ ಹಿರಿಯರು ಆಡುವ ಆದಾತ್, ಅಂದರೆ ರೂಢಿನ್ಯಾಯದ ನುಡಿಗಳು. ಶಾಸನದ ಸಂಸ್ಕೃತ ನಮಗೆ ಹತ್ತಿರವೆನಿಸುತ್ತದೆ, ಅದಕ್ಕೇ ಅಲ್ಲಿಂದ ಹುಡುಕಲು ಮನಸ್ಸಾಗುತ್ತದೆ. ಪ್ರಬಂಧ ಬರೆಯುವುದಾದರೆ ಎರಡು ಆಕರಗಳನ್ನೂ ಬೇರೆ ಬೇರೆ ಅಧ್ಯಾಯದಲ್ಲಿಡಿ.

ಪ್ರಶ್ನೆ: ಹೊಲಿಸಿದ ಮರಾವಾ ಕೆಡದಂತೆ ಇಡುವುದು ಹೇಗೆ? (ಸಂಘಟಕರು, ಬೆಂಗಳೂರು)

ಉತ್ತರ: ಬಿಸಿಲಿಗೆ ಮೊದಲು ಮಾಸುವುದು ಕೆಂಪು. ಕಾರ್ಯ ಮುಗಿದ ಸಂಜೆಯೇ ಇಳಿಸಿ. ಒದ್ದೆಯಾಗಿದ್ದರೆ ಮಡಿಸದೆ ನೆರಳಿನಲ್ಲಿ ನೇತುಹಾಕಿ ಪೂರ್ತಿ ಒಣಗಿಸಿ, ಅರ್ಧ ಹಸಿ ಇರುವಾಗ ಮಡಿಸಿದರೆ ಕೆಂಪಿನ ಗುರುತು ಹಳದಿಗೆ ಹತ್ತುವುದು ಆಗಲೇ. ಒಗೆಯಬೇಕಾದರೆ ತಣ್ಣೀರು, ಮೆದು ಸಾಬೂನು, ನೆನೆಸಿಡುವುದು ಬೇಡ. ಇಡುವಾಗ ಅಡ್ಡಡ್ಡ ಮಡಿಸುವ ಬದಲು ರಟ್ಟಿನ ಕೊಳವೆಗೆ ಸುತ್ತಿ, ನಡುವೆ ಒಂದು ಪದರ ಬಿಳಿ ಹಳೆಬಟ್ಟೆ ಸೇರಿಸಿ. ಕೋಲಿನ ಬದಿಯ ಮೇಲ್ತುದಿಗೆ ಒಳಗಡೆ ಒಂದು ದಾರದ ಗುರುತು ಹಾಕಿಟ್ಟರೆ ಮುಂದಿನ ವರ್ಷ ಏರಿಸುವವರು ತಲೆಕೆಳಗಾಗಿ ಕಟ್ಟುವುದಿಲ್ಲ. ಚೀಲಪಟ್ಟಿಯ ಮೇಲ್ತುದಿ ಮುಚ್ಚಿ ಹೊಲಿದಿದ್ದರೆ ಆ ಗುರುತೂ ಬೇಕಿಲ್ಲ.